ಡ್ರಾಯಿಂಗ್ ಪೀರಿಯಡ್ಡೂ ಊರಿನ ಗೋಡೆಯೂ ಒಂದೇ ಕಡತದಲ್ಲಿರಲಿ

ನಗರಾಡಳಿತ ನಡೆಸುವವರಿಗೆ ಮತ್ತು ಶಾಲಾ ಶಿಕ್ಷಣದ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಳೆದ ವಾರ ನಮ್ಮ ರಸ್ತೆಯ ಕೊನೆಗಿರುವ ಉದ್ದನೆಯ ಕಾಂಪೌಂಡ್ ಗೋಡೆಗೆ ಬಣ್ಣ ಹೊಡೆದರು. ಬೆಳಿಗ್ಗೆ ಬಿಳಿ ಬಳಿದು, ಮಧ್ಯಾಹ್ನ ರಟ್ಟಿನ ಅಚ್ಚು ಹಿಡಿದು ಒಂದೇ ಅಳತೆಯ ಚಿಟ್ಟೆಗಳನ್ನು ಸಾಲಾಗಿ ಮೂಡಿಸಿ, ಸಂಜೆಗೆ ಸ್ವಚ್ಛತೆಯ ಬಗ್ಗೆ ಒಂದು ಘೋಷಣೆ ಬರೆದು ಮುಗಿಸಿದರು. ಇಬ್ಬರು ಪೇಂಟರ್‌ಗಳು, ಒಂದು ಏಣಿ, ನಾಲ್ಕು ಡಬ್ಬ. ಕಸುಬು ಬಲ್ಲವರೇ, ಅಕ್ಷರ ಬರೆಯುವಾಗ ಕೈ ಒಮ್ಮೆಯೂ ನಡುಗಲಿಲ್ಲ. ಗೋಡೆಯಿಂದ ಐವತ್ತು ಹೆಜ್ಜೆ ದೂರದಲ್ಲಿ ಒಂದು ಶಾಲೆ ಇದೆ. ಬಿಡುವಿನಲ್ಲಿ ಮಕ್ಕಳು ಗೇಟಿನ ಸರಳು ಹಿಡಿದುಕೊಂಡು ಇದನ್ನೇ ನೋಡುತ್ತಿದ್ದರು. ಶಾಲೆ ಬಿಟ್ಟ ಮೇಲೆ ಒಬ್ಬಳು ಹುಡುಗಿ ಬಂದು, "ಅಂಕಲ್, ಒಂದು ಚಿಟ್ಟೆಗೆ ನಾನು ಬಣ್ಣ ಹಚ್ಲಾ?" ಎಂದು ಕೇಳಿದಳು. ಪೇಂಟರ್ ಅಕ್ಕರೆಯಿಂದಲೇ, "ಬೇಡ ಪುಟ್ಟಾ, ಕತ್ತಲಾಗೋದ್ರೊಳಗೆ ಫೋಟೋ ಕಳಿಸ್ಬೇಕು" ಎಂದ. ಅವನದೇನೂ ತಪ್ಪಿಲ್ಲ. ಫೋಟೋ ಹೋಗದೆ ಬಿಲ್ ಪಾಸಾಗುವುದಿಲ್ಲ.

ಆ ಶಾಲೆಯಲ್ಲಿ ಈಗ ಡ್ರಾಯಿಂಗ್ ಮೇಷ್ಟ್ರಿಲ್ಲ. ಇದ್ದವರು ನಿವೃತ್ತರಾದ ಮೇಲೆ ಆ ಹುದ್ದೆಗೆ ಯಾರೂ ಬರಲಿಲ್ಲ. ಹಾಗೆ ನಿವೃತ್ತನಾದವನು ನಾನೇ.

ಗೋಡೆಗೆ ಹಣ ಬಂದದ್ದು ಒಂದು ಕಚೇರಿಯಿಂದ, 'ಸುಂದರೀಕರಣ' ಎಂಬ ಹೆಸರಿನಲ್ಲಿ. ಡ್ರಾಯಿಂಗ್ ಮೇಷ್ಟ್ರಿಗೆ ಸಂಬಳ ಬರಬೇಕಾದದ್ದು ಇನ್ನೊಂದು ಕಚೇರಿಯಿಂದ. ಒಂದು ಕಡತಕ್ಕೆ ಇನ್ನೊಂದರ ಸುಳಿವಿಲ್ಲ. ಮೂವತ್ತೊಂದು ವರ್ಷ ಈ ಕೆಲಸ ಮಾಡಿದ ನನಗೆ ಇವೆರಡೂ ಒಂದೇ ಕೆಲಸವಾಗಿ ಕಾಣುತ್ತವೆ. ನೋಡುವುದನ್ನು ಕಲಿಸದೆ ಬರೀ ತೋರಿಸುತ್ತಾ ಹೋದರೆ ತೋರಿಸಿದ್ದು ಯಾರಿಗೂ ದಕ್ಕುವುದಿಲ್ಲ. ಕಲಿಸಿಯೂ ತೋರಿಸಲು ಜಾಗ ಕೊಡದಿದ್ದರೆ ಕಲಿತದ್ದು ನೋಟ್‌ಬುಕ್ಕಿನಲ್ಲೇ ಒಣಗುತ್ತದೆ. ತಾವು ಈ ಎರಡು ಕಡತಗಳನ್ನು ಒಂದೇ ಮೇಜಿನ ಮೇಲೆ ತಂದಿಡಬೇಕು ಎಂದು ಕೇಳಿಕೊಳ್ಳಲು ಈ ಪತ್ರ.

ಮೊದಲು ತರಗತಿಯ ಮಾತು. ಏಳನೇ ತರಗತಿಗೆ ಪ್ರತಿ ವರ್ಷ ನಾನು ಮಾಡುತ್ತಿದ್ದ ಮೊದಲ ಪಾಠ ಚಪ್ಪಲಿ. ಹತ್ತು ನಿಮಿಷ ಏನನ್ನೂ ನೋಡದೆ, ನೆನಪಿನಿಂದ ಒಂದು ಚಪ್ಪಲಿ ಬಿಡಿಸಿ ಎನ್ನುತ್ತಿದ್ದೆ. ನಲವತ್ತು ಮಕ್ಕಳೂ ಹೆಚ್ಚುಕಡಿಮೆ ಒಂದೇ ಚಪ್ಪಲಿ ಬಿಡಿಸುತ್ತಿದ್ದರು: ಕೆಳಗೆ ಮೊಟ್ಟೆಯಾಕಾರ, ಮೇಲೆ ಕವಲೊಡೆದ ಪಟ್ಟಿ. ಆಮೇಲೆ ಕಾಲಲ್ಲಿರುವ ಚಪ್ಪಲಿಯನ್ನೇ ಬಿಚ್ಚಿ, ಒರೆಸಿ, ಪೇಪರ್ ಹಾಸಿ ಬೆಂಚಿನ ಮೇಲೆ ಇಟ್ಟುಕೊಂಡು ಬಿಡಿಸಿ ಎನ್ನುತ್ತಿದ್ದೆ. ಮೊದಲು ನಗು. ನಂತರ ಸದ್ದು ತಾನಾಗಿ ಇಳಿಯುತ್ತಾ ಬರುತ್ತಿತ್ತು. ಹಿಮ್ಮಡಿಯಲ್ಲಿ ರಬ್ಬರ್ ಎಷ್ಟು ಸವೆದಿದೆ, ಹೆಬ್ಬೆರಳು ಒತ್ತಿ ಒತ್ತಿ ಎಷ್ಟು ಆಳದ ಗುಳಿ ಬಿದ್ದಿದೆ, ಉಂಗುಷ್ಟ ಕಿತ್ತುಬಾರದಂತೆ ಕೆಳಗೆ ಸಿಕ್ಕಿಸಿದ ಪಿನ್ನು ಎಲ್ಲಿ ತುಕ್ಕು ಹಿಡಿದಿದೆ, ಎಲ್ಲವೂ ಒಂದೊಂದಾಗಿ ಹಾಳೆಗೆ ಬರುತ್ತಿತ್ತು. ಒಂದು ವರ್ಷ ಒಬ್ಬ ಹುಡುಗ ತನ್ನ ಎರಡೂ ಚಪ್ಪಲಿಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದ. ಏನೋ ಎಂದು ಕೇಳಿದೆ. "ಸಾರ್, ಬಲಗಡೇದು ಮಾತ್ರ ಹೊರಗಿನ ಕಡೆ ಸವೆದಿದೆ. ನಾನು ಬ್ಯಾಗು ಒಂದೇ ಹೆಗಲಿಗೆ ಹಾಕ್ತೀನಲ್ಲ, ಅದಕ್ಕಾ?" ಎಂದ. ನಾನು ಉತ್ತರ ಹೇಳಲಿಲ್ಲ. ಒಂದು ವಾರ ಇನ್ನೊಂದು ಹೆಗಲಿಗೆ ಹಾಕಿ ನಡೆದು ನೋಡು ಎಂದೆ.

ಆ ಪ್ರಶ್ನೆಗೆ ಯಾವ ಪರೀಕ್ಷೆಯಲ್ಲೂ ಅಂಕ ಇರಲಿಲ್ಲ. ಆದರೆ ದಿನವೂ ಕಾಲಡಿಯಲ್ಲೇ ಇದ್ದ ಒಂದು ವಸ್ತು ಆವತ್ತು ಅವನಿಗೆ ಮೊದಲ ಸಲ ಕಂಡಿತು. ಕಂಡ ಮೇಲೆ ಕಾರಣವನ್ನೂ ಹುಡುಕಿಸಿತು. ಚಿತ್ರಕಲೆ ಕಲಿಸುವುದೆಂದರೆ ನನ್ನ ಮಟ್ಟಿಗೆ ಇದೇ. ನನ್ನ ವಿದ್ಯಾರ್ಥಿಗಳಲ್ಲಿ ಚಿತ್ರಕಾರರಾದವರು ಬೆರಳೆಣಿಕೆಯಷ್ಟು ಜನ. ಉಳಿದವರು ಮೆಕ್ಯಾನಿಕ್, ನರ್ಸ್, ಅಕೌಂಟೆಂಟ್, ಬಸ್ ಡ್ರೈವರ್ ಆಗಿದ್ದಾರೆ. ಗಾಯವನ್ನೋ ಎಂಜಿನ್ನನ್ನೋ ಲೆಕ್ಕದ ಸಾಲನ್ನೋ ನೋಡುವಾಗ ಅವರ ಕಣ್ಣು ಒಂದು ಕ್ಷಣ ಹೆಚ್ಚು ನಿಲ್ಲುತ್ತದೆ ಎಂದು ನಾನು ನಂಬಿದ್ದೇನೆ.

ಮಕ್ಕಳ ಚಿತ್ರದಲ್ಲಿ ಒಂದು ನಾಜೂಕಿನ ತಿರುವು ಬರುತ್ತದೆ. ಎಂಟು ವರ್ಷದವರೆಗೂ ಮಗು ಹೆದರದೆ ಗೆರೆ ಎಳೆಯುತ್ತದೆ. ಹಾಳೆಯ ಕೆಳಗೆ ನೆಲಕ್ಕೊಂದು ಗೆರೆ, ಮೇಲಂಚಿನಲ್ಲಿ ಆಕಾಶಕ್ಕೊಂದು ನೀಲಿ ಪಟ್ಟಿ, ನಡುವೆ ಗಾಳಿ. ಮನೆಯೊಳಗೆ ಕೂತ ಅಜ್ಜಿ ಗೋಡೆಯ ಆಚೆಯಿಂದಲೂ ಕಾಣುತ್ತಾಳೆ, ಏಕೆಂದರೆ ಅವಳು ಒಳಗಿರುವುದು ಮಗುವಿಗೆ ಗೊತ್ತು. ಕಲಾಶಿಕ್ಷಣದ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲೇ ಈ ಹಂತಗಳನ್ನು ಬಿಡಿಸಿ ಹೇಳಿದ್ದರು. ಒಂಬತ್ತು ಹತ್ತರ ಹೊತ್ತಿಗೆ ಮಗು ತಾನು ಬಿಡಿಸಿದ್ದನ್ನೂ ತಾನು ಕಂಡದ್ದನ್ನೂ ಹೋಲಿಸಿ ನೋಡಲು ಶುರುಮಾಡುತ್ತದೆ. ಎರಡೂ ಹೊಂದುವುದಿಲ್ಲ. "ನಂಗೆ ಡ್ರಾಯಿಂಗ್ ಬರಲ್ಲ" ಎಂಬ ಮಾತು ಬಾಯಿಗೆ ಬರುವುದು ಆಗಲೇ. ಪಕ್ಕದಲ್ಲಿ ಕೂತು, ಬರುತ್ತದೆ, ಇನ್ನೊಮ್ಮೆ ನೋಡು ಎನ್ನುವವರು ಬೇಕಾಗುವುದೂ ಆಗಲೇ. ನಾವು ಮಾತ್ರ ಸರಿಯಾಗಿ ಅದೇ ವಯಸ್ಸಿನಲ್ಲಿ ಡ್ರಾಯಿಂಗ್ ಪೀರಿಯಡ್ಡನ್ನು ಗಣಿತಕ್ಕೂ ವಿಜ್ಞಾನಕ್ಕೂ ಬಿಟ್ಟುಕೊಡುತ್ತೇವೆ. ತಾವು ಈಗಲೇ ಒಂದು ಹಾಳೆ ತೆಗೆದುಕೊಂಡು ಒಂದು ಮನೆಯ ಚಿತ್ರ ಬಿಡಿಸಿ ನೋಡಿ ಎಂದು ವಿನಂತಿ. ತಮ್ಮ ಕೈ ಯಾವ ವಯಸ್ಸಿನಲ್ಲಿ ನಿಂತುಹೋಯಿತು ಎಂಬುದು ಆ ಹಾಳೆಯಲ್ಲೇ ತಿಳಿಯುತ್ತದೆ. ಇಡೀ ಒಂದು ತಲೆಮಾರಿನ ಕೈ ಹಾಗೆ ಹತ್ತನೇ ವರ್ಷದಲ್ಲಿ ನಿಂತಿರುವುದು ನನಗೆ ನೋವಿನ ಸಂಗತಿ.

ಇದು ಹೊಸ ಮಾತೇನಲ್ಲ. ಫ್ರಾಂಟ್ಸ್ ಚಿಜೆಕ್ 1897ರಲ್ಲಿ ವಿಯೆನ್ನಾದಲ್ಲಿ ಮಕ್ಕಳಿಗೆಂದೇ ಕಲಾ ತರಗತಿ ತೆರೆದು, ದೊಡ್ಡವರ ಚಿತ್ರ ನಕಲು ಮಾಡಿಸುವುದನ್ನು ಕೈಬಿಟ್ಟು ಅವರವರ ಚಿತ್ರ ಬಿಡಿಸಲು ಬಿಟ್ಟರು. ಸೇವಾಗ್ರಾಮದಲ್ಲಿ ದೇವಿಪ್ರಸಾದ್ 1944ರಿಂದ 1962ರವರೆಗೆ, ಕೈಕೆಲಸದ ಮೂಲಕವೇ ಕಲಿಸುವ ಗಾಂಧೀಜಿಯ ನಯೀ ತಾಲೀಮ್ ಶಾಲೆಯಲ್ಲಿ ಕಲೆ ಕಲಿಸಿದರು. ಚಿತ್ರಕಲೆಯನ್ನು ಹೊಲ, ಮಗ್ಗ, ಮಣ್ಣಿನ ಕೆಲಸದ ಜೊತೆಗೇ ಇಟ್ಟರು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಕಲೆ ಮತ್ತು ಸಂಸ್ಕೃತಿಯಲ್ಲಿ ಪಾಲ್ಗೊಳ್ಳುವುದು ಮಗುವಿನ ಹಕ್ಕು ಎನ್ನುತ್ತದೆ. ಚಿಟ್ಟೆಗೆ ಬಣ್ಣ ಹಚ್ಚಲಾ ಎಂದು ಕೇಳಿದ ಹುಡುಗಿ ಕೇಳಿದ್ದು ಆ ಹಕ್ಕನ್ನೇ.

ಇನ್ನು ಗೋಡೆಯ ಮಾತು. ಗೋಡೆಯೇ ತರಗತಿಯಾದದ್ದನ್ನು ನೋಡಬೇಕಾದರೆ ಟ್ಯಾಗೋರರ ಶಾಂತಿನಿಕೇತನಕ್ಕೆ ಹೋಗಬೇಕು. 1919ರಲ್ಲಿ ಅಲ್ಲಿ ಕಲಾಭವನ ಎಂಬ ಕಲಾಶಾಲೆ ಶುರುವಾಯಿತು. ನಂದಲಾಲ್ ಬೋಸ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅಲ್ಲಿನ ಕಟ್ಟಡಗಳ ಗೋಡೆಗಳ ಮೇಲೆಯೇ ಪಾಠ ಮಾಡಿದರು. 1938ರಲ್ಲಿ ಶಿಲ್ಪಿ ರಾಮಕಿಂಕರ್ ಬೈಜ್ ಆವರಣದ ಬಯಲಿನಲ್ಲಿ ಸಂತಾಲ್ ಬುಡಕಟ್ಟಿನ ಒಂದು ಕುಟುಂಬವನ್ನು ನಿಲ್ಲಿಸಿದರು: ಗಂಡ, ಹೆಂಡತಿ, ಬುಟ್ಟಿಯಲ್ಲಿ ಮಗು, ಜೊತೆಗೊಂದು ನಾಯಿ. ಎಲ್ಲರೂ ನಡೆಯುತ್ತಿದ್ದಾರೆ. ಕಂಚಿಲ್ಲ, ಅಮೃತಶಿಲೆಯಿಲ್ಲ, ಕಬ್ಬಿಣದ ಚೌಕಟ್ಟಿನ ಮೇಲೆ ಸಿಮೆಂಟು ಮತ್ತು ಅಲ್ಲಿನದೇ ಕೆಂಪು ಮುರಕಲ್ಲಿನ ಹರಳು. ಎತ್ತರದ ಪೀಠವೂ ಇಲ್ಲ. ಊರಿನ ನಡುವೆ ಕುದುರೆಯ ಮೇಲೆ ಕೂತ ರಾಜರ, ಸೇನಾಪತಿಗಳ ಪ್ರತಿಮೆಗಳೇ ಇದ್ದ ಕಾಲದಲ್ಲಿ ಕೂಲಿಗೆ ಹೊರಟ ಒಂದು ಮನೆಯವರು ಆಳೆತ್ತರಕ್ಕೂ ಮೀರಿ ನಿಂತರು. ಭಾರತದ ಆಧುನಿಕ ಸಾರ್ವಜನಿಕ ಶಿಲ್ಪ ಅಲ್ಲಿಂದ ಶುರುವಾಯಿತು ಎಂದು ಬಲ್ಲವರು ಹೇಳುತ್ತಾರೆ. ಯಾರು ದಿನವೂ ಆ ದಾರಿಯಲ್ಲಿ ನಡೆಯುತ್ತಿದ್ದರೋ ಅವರೇ ಶಿಲ್ಪವಾದರು ಎಂಬುದು ನನ್ನನ್ನು ಈಗಲೂ ತಟ್ಟುತ್ತದೆ.

ಅದೇ ಆವರಣದ ಹಿಂದಿ ಭವನದಲ್ಲಿ 1946-47ರಲ್ಲಿ ಬಿನೋದ್ ಬಿಹಾರಿ ಮುಖರ್ಜಿ ಮಧ್ಯಯುಗದ ಸಂತರ ಬದುಕನ್ನು ಗೋಡೆಯುದ್ದಕ್ಕೂ ಚಿತ್ರಿಸಿದರು. ಹುಟ್ಟಿನಿಂದಲೇ ಅವರ ಕಣ್ಣು ಮಂದ. ಮುಂದೆ ಪೂರ್ತಿ ಕುರುಡರಾದರು. ಆ ಭಿತ್ತಿಚಿತ್ರ ಮಾಡುವಾಗ ಅವರಿಗೆ ನೆರವಾದ ವಿದ್ಯಾರ್ಥಿಗಳಲ್ಲಿ ಕೆ.ಜಿ. ಸುಬ್ರಮಣ್ಯನ್ ಒಬ್ಬರು. ಆ ಹುಡುಗ ಮುಂದೆ ಬರೋಡಾದಲ್ಲಿ ಮೇಷ್ಟ್ರಾದರು, 1963ರಲ್ಲಿ ಲಕ್ನೋದ ರವೀಂದ್ರಾಲಯದ ಹೊರಗೋಡೆಗೆ ಸುಟ್ಟ ಮಣ್ಣಿನ ಬಿಲ್ಲೆಗಳ ದೊಡ್ಡ ಭಿತ್ತಿಶಿಲ್ಪ ಮಾಡಿಕೊಟ್ಟರು. ಮೇಷ್ಟ್ರು, ಗೋಡೆ, ಹುಡುಗ. ಹುಡುಗ ಮೇಷ್ಟ್ರಾಗಿ ಮತ್ತೊಂದು ಗೋಡೆ. ನಾನು ಕೇಳುತ್ತಿರುವ ಒಂದೇ ಕಡತ ಎಂದರೆ ಇದು.

ಬೇರೆ ದೇಶಗಳಲ್ಲೂ ಸರ್ಕಾರಗಳು ಇದನ್ನು ಕಂಡುಕೊಂಡಿವೆ. ಕ್ರಾಂತಿಯ ನಂತರದ ಮೆಕ್ಸಿಕೋದಲ್ಲಿ ಓದುಬಲ್ಲವರು ಕಡಿಮೆ. ಶಿಕ್ಷಣ ಮಂತ್ರಿ ಹೋಸೆ ವಾಸ್ಕೊನ್ಸೆಲೋಸ್ ಶಾಲೆ, ಗ್ರಂಥಾಲಯಗಳ ಜೊತೆಗೇ ಚಿತ್ರಕಾರರಿಗೂ ಸರ್ಕಾರಿ ಗೋಡೆಗಳನ್ನು ಕೊಟ್ಟರು. ಶಿಕ್ಷಣ ಇಲಾಖೆಯ ಕಟ್ಟಡದ ಮೂರು ಅಂತಸ್ತಿನ ಅಂಗಳಗಳಲ್ಲಿ ದಿಯೆಗೊ ರಿವೇರಾ 1923ರಿಂದ 1928ರವರೆಗೆ ಗಣಿಕೆಲಸಗಾರರನ್ನೂ ನೇಕಾರರನ್ನೂ ಹಳ್ಳಿಯ ಮೇಷ್ಟ್ರುಗಳನ್ನೂ ಚಿತ್ರಿಸಿದರು. ಅಲ್ಲಿ ಗೋಡೆ, ಶಾಲೆ ಎರಡೂ ಒಂದೇ ಇಲಾಖೆಯಲ್ಲಿದ್ದವು. ಸ್ವೀಡನ್ನಿನ ಸ್ಟಾಕ್‌ಹೋಮ್‌ನ ಮೆಟ್ರೋದಲ್ಲಿ ಸುಮಾರು ನೂರು ನಿಲ್ದಾಣಗಳಿವೆ, ತೊಂಬತ್ತಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ಕಲೆ ಇದೆ. 1957ರಲ್ಲಿ ಮುಖ್ಯ ನಿಲ್ದಾಣದಿಂದ ಶುರುವಾದದ್ದು ಇನ್ನೂ ನಡೆದಿದೆ. ಅದೇ ನಿಲ್ದಾಣದ ನೆಲದಾಳದ ಒಂದು ಭಾಗದಲ್ಲಿ ಪೆರ್ ಓಲೋಫ್ ಉಲ್ಟ್‌ವೆಟ್ 1970ರ ದಶಕದಲ್ಲಿ ಬಂಡೆಯ ಚಾವಣಿಗೆ ನೀಲಿ ಬಳ್ಳಿಗಳನ್ನು ಬಿಡಿಸಿ, ಆ ಸುರಂಗ ಕೊರೆದ ಕೆಲಸಗಾರರ ನೆರಳಾಕೃತಿಗಳನ್ನೂ ಜೊತೆಗೆ ಇಟ್ಟರು. ಕೆಲಸಕ್ಕೆ ಓಡುವ ಜನ ದಿನವೂ ಆ ಕೆಲಸಗಾರರ ಕೆಳಗೇ ಹಾದುಹೋಗುತ್ತಾರೆ.

ತಮ್ಮ ಗಮನಕ್ಕೆ ಹೆಚ್ಚಾಗಿ ತರಬೇಕೆನಿಸುವುದು ಅಮೆರಿಕದ ಫಿಲಡೆಲ್ಫಿಯಾದ ಉದಾಹರಣೆ. 1959ರಲ್ಲೇ ಆ ನಗರ ಒಂದು ನಿಯಮ ಮಾಡಿತು: ಪುನರಭಿವೃದ್ಧಿಯ ಜಾಗದಲ್ಲಿ ಕಟ್ಟುವವರು ಕಟ್ಟಡದ ವೆಚ್ಚದಲ್ಲಿ ಕನಿಷ್ಠ ಶೇ. 1ರಷ್ಟನ್ನು ಕಲೆಗೆ ಇಡಬೇಕು. ನಂತರ ಎಷ್ಟೋ ನಗರಗಳು ಈ ದಾರಿ ಹಿಡಿದವು. 1984ರಲ್ಲಿ ಅಲ್ಲಿ ಗೋಡೆಗಳ ಮೇಲೆ ಸ್ಪ್ರೇ ಹೊಡೆದು ಗೀಚುವ ಹುಡುಗರ ಹಾವಳಿ ಜೋರಾದಾಗ ನಗರಾಡಳಿತ ಜೇನ್ ಗೋಲ್ಡನ್ ಎಂಬ ಕಲಾವಿದೆಯನ್ನು ನೇಮಿಸಿತು. ಅವರು ಹುಡುಗರ ಕೈಯಿಂದ ಡಬ್ಬ ಕಿತ್ತುಕೊಳ್ಳಲಿಲ್ಲ, ಕುಂಚ ಕೊಟ್ಟರು. ಗೀಚುವ ಕೈಯಲ್ಲಿ ಗೆರೆಯ ಹಿಡಿತವಿದೆ ಎಂಬುದನ್ನು ಗುರುತಿಸಿದ ಕಣ್ಣು ಅದು. ಆ ಕೆಲಸವೇ ಬೆಳೆದು ಇವತ್ತು ಊರಿನ ತುಂಬ ಸಾವಿರಾರು ಭಿತ್ತಿಚಿತ್ರಗಳಾಗಿವೆ.

ಅಲ್ಲಿನ ಕೆಲಸದ ಒಂದು ವಿವರ ಬಹಳ ಉಪಯೋಗಕ್ಕೆ ಬರುವಂಥದ್ದು. ಎಲ್ಲವನ್ನೂ ಏಣಿ ಹತ್ತಿ ಗೋಡೆಯ ಮೇಲೆಯೇ ಚಿತ್ರಿಸಬೇಕಿಲ್ಲ. ಪ್ಯಾರಾಶೂಟ್ ಬಟ್ಟೆ ಎಂದು ಕರೆಯುವ ಒಂದು ತೆಳುವಾದ ಬಟ್ಟೆಯ ತುಂಡುಗಳ ಮೇಲೆ ಚಿತ್ರದ ಭಾಗಗಳನ್ನು ಗುರುತು ಹಾಕಿ ಹಂಚುತ್ತಾರೆ. ಶಾಲೆಯ ಮಕ್ಕಳು, ವೃದ್ಧಾಶ್ರಮದವರು, ಜೈಲಿನಲ್ಲಿರುವವರು ಕೂತಲ್ಲೇ ಅದಕ್ಕೆ ಬಣ್ಣ ತುಂಬುತ್ತಾರೆ. ಆಮೇಲೆ ತುಂಡುಗಳನ್ನು ತಂದು ಅಕ್ರಿಲಿಕ್ ಅಂಟಿನಿಂದ ಗೋಡೆಗೆ ಕೂರಿಸುತ್ತಾರೆ. ನಡೆಯಲಾಗದ ಅಜ್ಜಿಯ ಕೈಬಣ್ಣ ಮೂರನೇ ಅಂತಸ್ತಿನ ಎತ್ತರದಲ್ಲಿ ನಿಲ್ಲುತ್ತದೆ. ಮಕ್ಕಳನ್ನು ಏಣಿ ಹತ್ತಿಸಿದರೆ ಅಪಾಯ, ಜವಾಬ್ದಾರಿ ಯಾರದು ಎಂಬ ಆಕ್ಷೇಪ ತಮ್ಮ ಕಚೇರಿಯಿಂದ ಬಂದರೆ ಅದಕ್ಕೆ ಉತ್ತರ ಈ ಬಟ್ಟೆಯಲ್ಲಿದೆ.

ಜನರನ್ನು ಕೇಳದೆ ಇಟ್ಟ ಕಲೆಗೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. 1981ರಲ್ಲಿ ನ್ಯೂಯಾರ್ಕ್‌ನ ಒಂದು ಸರ್ಕಾರಿ ಕಚೇರಿಯ ಮುಂದಿನ ಚೌಕದಲ್ಲಿ ರಿಚರ್ಡ್ ಸೆರಾ ಅವರ 120 ಅಡಿ ಉದ್ದ, 12 ಅಡಿ ಎತ್ತರದ ಉಕ್ಕಿನ ಬಾಗುಗೋಡೆಯನ್ನು ನಿಲ್ಲಿಸಿದರು. ಅಲ್ಲಿ ಕೆಲಸ ಮಾಡುವ ಜನ ದಿನವೂ ಅದನ್ನು ಸುತ್ತಿ ಹೋಗಬೇಕಾಯಿತು. ದೂರುಗಳು ಬಂದವು. 1985ರ ಬಹಿರಂಗ ವಿಚಾರಣೆಯಲ್ಲಿ 180 ಜನ ಮಾತನಾಡಿದರು; ಉಳಿಸಿ ಎಂದವರು 122, ತೆಗೆಯಿರಿ ಎಂದವರು 58. ಆದರೂ ತೆಗೆಯುವ ತೀರ್ಮಾನವಾಗಿ, 1989ರ ಮಾರ್ಚ್ 15ರಂದು ಅದನ್ನು ಕತ್ತರಿಸಿ ಸಾಗಿಸಿದರು. ಸೆರಾ ದೊಡ್ಡ ಕಲಾವಿದರು. ಅವರ ಶಿಲ್ಪ ಕೆಟ್ಟದ್ದು ಎಂದು ನಾನು ಹೇಳಲಾರೆ. ಸುತ್ತಿ ಹೋಗಬೇಕಾದ ಗುಮಾಸ್ತೆಯ ಸಿಟ್ಟನ್ನೂ ತಪ್ಪು ಎನ್ನಲಾರೆ. ಎಲ್ಲರೂ ಕೂತು ಮಾತನಾಡಿದ್ದು ಶಿಲ್ಪ ನಿಂತು ನಾಲ್ಕು ವರ್ಷ ಕಳೆದ ಮೇಲೆ, ಅದೂ ವಿಚಾರಣೆಯ ರೂಪದಲ್ಲಿ. ಆ ಮಾತುಕತೆ ಮೊದಲೇ ಆಗಬೇಕಿತ್ತು.

ಇಟ್ಟದ್ದನ್ನು ಕಾಪಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ದೆಹಲಿಯ ವಿಜ್ಞಾನ ಭವನಕ್ಕೆ ಅಮರ್‌ನಾಥ್ ಸೆಹಗಲ್ ಅವರಿಂದ ಸರ್ಕಾರವೇ ಒಂದು ಕಂಚಿನ ಭಿತ್ತಿಶಿಲ್ಪ ಮಾಡಿಸಿತ್ತು. 140 ಅಡಿ ಅಗಲ, 40 ಅಡಿ ಎತ್ತರ; ವರ್ಷಗಟ್ಟಲೆಯ ಕೆಲಸ. 1979ರಲ್ಲಿ ಕಟ್ಟಡ ನವೀಕರಿಸುವಾಗ ಕಲಾವಿದರಿಗೆ ಒಂದು ಮಾತೂ ಹೇಳದೆ ಅದನ್ನು ಕಿತ್ತು ಗೋದಾಮಿಗೆ ಹಾಕಿದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಅವಶೇಷಗಳನ್ನು ಅವರಿಗೆ ಹಿಂದಿರುಗಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ಕೃತಿಯನ್ನು ಮಾರಿದ ಮೇಲೂ ಅದರ ಮಾನ ಕಾಪಾಡಿಕೊಳ್ಳುವ ಹಕ್ಕು ಕಲಾವಿದನಿಗೆ ಉಳಿದಿರುತ್ತದೆ ಎಂಬುದು ಆ ತೀರ್ಪಿನ ತಿರುಳು. ತೀರ್ಪು ಬರುವಾಗ ಕಿತ್ತು ಇಪ್ಪತ್ತಾರು ವರ್ಷವಾಗಿತ್ತು.

ನಮ್ಮ ಮಕ್ಕಳಿಗೆ ಕೋರ್ಟಿಗೆ ಹೋಗುವ ದಾರಿ ಇರಲಿಲ್ಲ. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಶಾಲೆಯ ಹಿಂದಿನ ರಸ್ತೆಯ ಒಂದು ಗೋಡೆಗೆ ಒಂಬತ್ತನೇ ತರಗತಿಯವರು ಚಿತ್ರ ಮಾಡಿದರು. ವಿಷಯ ಅವರೇ ಆರಿಸಿದ್ದು: ಬೆಳಿಗ್ಗೆ ಏಳು ಗಂಟೆಗೆ ಮೊದಲು ಈ ರಸ್ತೆಯಲ್ಲಿ ಯಾರು ಯಾರು ಹೋಗುತ್ತಾರೆ. ಎರಡು ವಾರ ಬೇಗ ಎದ್ದು ಬಂದು ನಿಂತು ನೋಡಿದರು. ಪೇಪರ್ ಹಾಕುವ ಹುಡುಗ, ಹಾಲಿನ ಸೈಕಲ್ಲು, ಡ್ಯೂಟಿ ಮುಗಿಸಿ ಮನೆಗೆ ಹೊರಟ ವಾಚ್‌ಮನ್, ರಸ್ತೆ ಗುಡಿಸುವ ಪೌರಕಾರ್ಮಿಕರು, ಅವರ ಹಿಂದೆಯೇ ಹೋಗುವ ಎರಡು ನಾಯಿಗಳು. ಗೋಡೆಯ ಕೆಳಭಾಗ ತೇವ ಹೀರಿ ಉಪ್ಪುಗಟ್ಟಿತ್ತು. ಅದನ್ನು ಕೆರೆದು, ತೊಳೆದು, ಬಿಸಿಲಿನಲ್ಲಿ ಒಣಗಲು ಮೂರು ವಾರ ಬಿಟ್ಟೆವು. ತೇವದ ಗೋಡೆಗೆ ಬಣ್ಣ ಹೊಡೆದರೆ ಮೊದಲ ಮಳೆಗೇ ಹಪ್ಪಳೆ ಏಳುತ್ತದೆ. ಆಮೇಲೆ ದಾರಕ್ಕೆ ಬಣ್ಣದ ಪುಡಿ ಹಚ್ಚಿ, ಎರಡು ತುದಿ ಹಿಡಿದು ಮೀಟಿ ಗೋಡೆಯ ಮೇಲೆ ಚೌಕ ಹಾಕಿಕೊಂಡೆವು. ಹಾಳೆಯ ಒಂದು ಚೌಕ ಗೋಡೆಯಲ್ಲಿ ಒಂದಡಿ. ಗಣಿತದ ಮೇಡಂ ಬಂದು ಅನುಪಾತದ ಪಾಠವನ್ನು ಅಲ್ಲೇ ಮಾಡಿದರು. ಹೊಳೆಯುವ ಕೆಂಪು, ಗುಲಾಬಿಗಳು ಬಿಸಿಲಿಗೆ ಬೇಗ ಮಾಸುತ್ತವೆ ಎಂದು ಸೀರೆ, ಇಟ್ಟಿಗೆ, ನೆಲಕ್ಕೆಲ್ಲ ಕಾವಿಯನ್ನೇ ಬಳಸಿದೆವು.

ಗುಡಿಸುವ ಅಮ್ಮ ಒಂದು ದಿನ ಗೋಡೆಯ ಮುಂದೆ ನಿಂತು ಪೊರಕೆಯನ್ನು ಒರಗಿಸಿ, "ಮೇಷ್ಟ್ರೇ, ಇದು ನಾನೇ ಅಲ್ವಾ?" ಎಂದು ಕೇಳಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ರೀತಿಯಿಂದ ಗೊತ್ತಾಯಿತಂತೆ. ಆವತ್ತಿನಿಂದ ಆ ಗೋಡೆಯ ಬುಡದಲ್ಲಿ ಕಸ ಬಿದ್ದದ್ದನ್ನು ನಾನು ನೋಡಲಿಲ್ಲ. ಎದುರಿಗೆ ಯಾವ ಘೋಷಣೆಯೂ ಬರೆದಿರಲಿಲ್ಲ.

ಎರಡು ವರ್ಷದ ನಂತರ ಯಾರೋ ಗಣ್ಯರು ಬರುತ್ತಾರೆಂದು ರಾತ್ರೋರಾತ್ರಿ ಇಡೀ ರಸ್ತೆಗೆ ಸುಣ್ಣ ಹೊಡೆದರು. ಸಂಬಂಧಪಟ್ಟ ಕಚೇರಿಗೆ ಹೋಗಿ ಕೇಳಿದೆ. ಕಂಟ್ರಾಕ್ಟರ್‌ಗೆ ಅಡಿ ಲೆಕ್ಕದಲ್ಲಿ ಗೋಡೆ ಕೊಟ್ಟಿತ್ತು, ಅದರ ಮೇಲೆ ಏನಿದೆ ಎಂಬುದು ಕಾಗದದಲ್ಲಿರಲಿಲ್ಲ ಎಂದರು. ಸುಳ್ಳಲ್ಲ; ಕಾಗದದಲ್ಲಿ ನಿಜವಾಗಿಯೂ ಇರಲಿಲ್ಲ. ತೆಳುವಾದ ಸುಣ್ಣ ಒದ್ದೆಯಾದಾಗ ಪಾರದರ್ಶಕವಾಗುತ್ತದೆ. ಆ ವರ್ಷ ಮಳೆ ಬಂದಾಗಲೆಲ್ಲ ಗೋಡೆಯ ಮೇಲೆ ಕಾವಿ ಸೀರೆ, ಪೊರಕೆ, ಸೈಕಲ್ಲಿನ ಚಕ್ರ ಮಸುಕಾಗಿ ಮೂಡಿ, ಬಿಸಿಲು ಬಿದ್ದೊಡನೆ ಮಾಯವಾಗುತ್ತಿತ್ತು. ಮಕ್ಕಳು ಮಳೆಯಲ್ಲಿ ಕೊಡೆ ಹಿಡಿದು ಅದನ್ನು ನೋಡಲು ಹೋಗುತ್ತಿದ್ದರು.

ಆದ್ದರಿಂದ ಮೊದಲ ಕೋರಿಕೆ, ಕಾಗದದಲ್ಲಿ ಇರಲಿ ಎಂಬುದು. ನಗರದ ಪ್ರತಿಯೊಂದು ಭಿತ್ತಿಚಿತ್ರ, ಶಿಲ್ಪಕ್ಕೂ ಒಂದು ದಾಖಲೆ ಪುಸ್ತಕ ಬೇಕು: ಯಾರು ಮಾಡಿದರು, ಯಾವ ವರ್ಷ, ಯಾವ ಬಣ್ಣ ಅಥವಾ ಲೋಹ, ಯಾವಾಗ ತೊಳೆಯಬೇಕು. ಮಾಡಿದವರ ಹೆಸರು ಗೋಡೆಯ ಮೇಲೂ ಇರಲಿ. ಅಳಿಸಲೇಬೇಕಾಗಿ ಬಂದರೆ ಮೊದಲೇ ನೋಟಿಸ್ ಕೊಟ್ಟು, ಫೋಟೋ ತೆಗೆದಿಡಲು, ಕಳಚಿ ಒಯ್ಯಲು ಸಮಯ ಕೊಡಿ. ಮಾಡಿಸುವ ಹಣದಲ್ಲೇ ನೋಡಿಕೊಳ್ಳುವ ಹಣವೂ ಸೇರಿರಲಿ. ಬಣ್ಣ ಕಿತ್ತು ನೇತಾಡುವ ಗೋಡೆ ಊರಿಗೆ ಖಾಲಿ ಗೋಡೆಗಿಂತ ಹೆಚ್ಚು ಬೇಸರ ತರಿಸುತ್ತದೆ.

ಹಣದ ವಿಷಯದಲ್ಲಿ ಫಿಲಡೆಲ್ಫಿಯಾದ ನಿಯಮ ಸಾಕು: ಸಾರ್ವಜನಿಕ ಕಟ್ಟಡ, ನಿಲ್ದಾಣ, ಸೇತುವೆ ಕಟ್ಟುವಾಗ ವೆಚ್ಚದ ಶೇ. 1 ಕಲೆಗೆ ಇರಲಿ. ಅದಕ್ಕೆ ನನ್ನದೊಂದು ಸೇರ್ಪಡೆ ಇದೆ. ಆ ಹಣದ ಒಂದು ಪಾಲು ಹತ್ತಿರದ ಶಾಲೆಗಳಿಗೆ ಹೋಗಬೇಕು. ಕಲಾವಿದರ ಜೊತೆ ಮಾಡಿಕೊಳ್ಳುವ ಒಪ್ಪಂದದಲ್ಲೇ, ಇಂತಿಷ್ಟು ವಾರ ಈ ಶಾಲೆಯ ಮಕ್ಕಳ ಜೊತೆ ಕೆಲಸ ಮಾಡಬೇಕು ಎಂದು ಬರೆದಿರಬೇಕು, ಅದಕ್ಕೆ ಸಂಭಾವನೆಯೂ ಇರಬೇಕು. ಕಲಾವಿದರನ್ನು ಅತಿ ಕಡಿಮೆ ದರದ ಟೆಂಡರಿನಿಂದ ಆರಿಸಬೇಡಿ. ಚರಂಡಿಗೆ ಹೊಂದುವ ವಿಧಾನ ಚಿತ್ರಕ್ಕೆ ಹೊಂದುವುದಿಲ್ಲ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡ ಬೋರ್ಡ್ ಬರೆಯುವ ಕಲಾವಿದರು ಪ್ರತಿ ಊರಲ್ಲೂ ಇದ್ದಾರೆ. ಹತ್ತಡಿ ದೂರದಿಂದಲೂ ಓದಿಸುವ ಅಕ್ಷರ, ಒಂದೇ ಎಳೆತಕ್ಕೆ ಬರುವ ಬಾಗು ಅವರ ಕೈಯಲ್ಲಿದೆ. ಅವರನ್ನು ಶಾಲೆಗೆ ಕರೆಸಿ. ಡಿಗ್ರಿ ಕೇಳಬೇಡಿ.

ಎಲ್ಲ ಗೋಡೆಗೂ ಬಣ್ಣ ಬೇಕೂ ಇಲ್ಲ. ಹಳೆಯ ಕಲ್ಲುಗೋಡೆಗೆ ಎಮಲ್ಷನ್ ಮೆತ್ತಬೇಡಿ, ಮರದ ಕಾಂಡಕ್ಕಂತೂ ದಯವಿಟ್ಟು ಬೇಡ. ಕಲ್ಲಿಗೂ ತೊಗಟೆಗೂ ಅವುಗಳದೇ ಚೆಲುವಿದೆ, ಅದನ್ನು ನೋಡಲು ಕಲಿಸುವುದೂ ಡ್ರಾಯಿಂಗ್ ಪೀರಿಯಡ್ಡಿನ ಕೆಲಸವೇ.

ಶಿಕ್ಷಣದ ಹೊಣೆ ಹೊತ್ತವರಲ್ಲಿ ನನ್ನ ಕೋರಿಕೆ ಇನ್ನೂ ಸರಳ. ಖಾಲಿ ಬಿದ್ದ ಚಿತ್ರಕಲಾ ಶಿಕ್ಷಕರ ಹುದ್ದೆಗಳನ್ನು ತುಂಬಿ. ವಾರಕ್ಕೆ ಬಿಡಿಬಿಡಿಯಾದ ಎರಡು ಪೀರಿಯಡ್ ಕೊಡುವ ಬದಲು ಒಟ್ಟಿಗೆ ಎರಡು ಪೀರಿಯಡ್ ಕೊಡಿ. ನಲವತ್ತು ನಿಮಿಷದಲ್ಲಿ ನೀರು ಹಂಚಲು ಹತ್ತು, ಕುಂಚ ತೊಳೆದು ನೆಲ ಒರೆಸಲು ಹತ್ತು ನಿಮಿಷ ಹೋಗುತ್ತದೆ. ಉಳಿದ ಇಪ್ಪತ್ತರಲ್ಲಿ ಮೊದಲ ಪದರವೇ ಒಣಗುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಆ ಪೀರಿಯಡ್ಡನ್ನು ಯಾರೂ ಕೇಳಿ ಪಡೆಯದಂತೆ ಒಂದು ಸುತ್ತೋಲೆ ಹೊರಡಿಸಿ. ಮೂವತ್ತೊಂದು ವರ್ಷದಲ್ಲಿ ನಾನು ಬಿಟ್ಟುಕೊಟ್ಟ ಪೀರಿಯಡ್ಡುಗಳಿಗೆ ಲೆಕ್ಕವಿಲ್ಲ, ಒಂದನ್ನೂ ಯಾರೂ ಹಿಂದಿರುಗಿಸಲಿಲ್ಲ. ಬಿಟ್ಟುಕೊಡಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಕೊನೆಯದಾಗಿ ಒಂದು ಸಣ್ಣ ಅರ್ಜಿ. ಕಳೆದ ವಾರ ಚಿಟ್ಟೆ ಬಿಡಿಸಿದ ಆ ಗೋಡೆಯ ಬಲತುದಿಯಲ್ಲಿ, ಟ್ರಾನ್ಸ್‌ಫಾರ್ಮರ್‌ನಿಂದ ಸಾಕಷ್ಟು ದೂರದಲ್ಲಿ, ಸುಮಾರು ಹನ್ನೆರಡು ಅಡಿ ಬಿಳಿಯಾಗಿಯೇ ಉಳಿದಿದೆ. ಕತ್ತಲಾಯಿತೆಂದು ಪೇಂಟರ್‌ಗಳು ಅಲ್ಲಿಗೇ ನಿಲ್ಲಿಸಿದರು. ನಾನು ಕೈಯಿಟ್ಟು ನೋಡಿದ್ದೇನೆ, ಗೋಡೆ ಒಣಗಿದೆ. ಚೌಕ ಹಾಕುವ ದಾರ ಈಗಲೂ ನನ್ನ ಹತ್ತಿರ ಇದೆ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಶನಿವಾರ ಮಧ್ಯಾಹ್ನಗಳಲ್ಲಿ ನಾನು ಸಂಬಳವಿಲ್ಲದೆ ಬರುತ್ತೇನೆ. ಆ ಹನ್ನೆರಡು ಅಡಿಯನ್ನು ಶಾಲೆಯ ಮಕ್ಕಳಿಗೆ ಕೊಟ್ಟಿದೆ, ಲಿಖಿತವಾಗಿ ತಿಳಿಸದೆ ಯಾರೂ ಅದರ ಮೇಲೆ ಸುಣ್ಣ ಹೊಡೆಯತಕ್ಕದ್ದಲ್ಲ ಎಂದು ತಮ್ಮ ಸಹಿ ಇರುವ ಒಂದು ಕಾಗದ ಬೇಕು. ಅದರ ಒಂದು ಪ್ರತಿ ಕಂಟ್ರಾಕ್ಟರ್‌ಗೂ ಹೋಗಲಿ.

ಮಳೆಗಾಲಕ್ಕೆ ಮೊದಲೇ ಕೊಟ್ಟರೆ ಅನುಕೂಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು